ತುಡುವೆ ಜೇನುಪೆಟ್ಟಿಗೆ ಎದುರು ಬಿಳಿ ಮರಿಗಳು ಬಿದ್ದಿರುತ್ತವೆ. ರೋಗವಾ, ನುಸಿಯಾ?

ಸುಳ್ಯ_ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ಸುಳ್ಯದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಕೆಲವು ತುಡುವೆ (ನಮ್ಮ ನಾಡಿನ ಸಾಕುಜೇನು) ಪೆಟ್ಟಿಗೆ ಇಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಎಲ್ಲ ಕುಟುಂಬಗಳೂ ಚೆನ್ನಾಗಿ ಚೇತರಿಸಿಕೊಂಡಿವೆ. ಈಗ ಗಂಡು ನೊಣಗಳೂ ಕಾಣಿಸುತ್ತಿವೆ, ಇನ್ನೇನು ಕುಟುಂಬ ಒಡೆದು ಪಾಲಾಗುವ ಕಾಲ.

ಒಂದು ಪೆಟ್ಟಿಗೆಯದ್ದು ಮಾತ್ರ ತಲೆಬಿಸಿ ಆಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲಿನ ಎದುರು ನೆಲದಲ್ಲಿ ಬಿಳಿ ಮರಿಗಳು ಬಿದ್ದಿರುತ್ತವೆ. ಹುಳುವಿನ ಹಾಗೆ ಮೆತ್ತಗೆ ಇರುವಂಥದ್ದಲ್ಲ, ಕಾಲು, ಕಣ್ಣು ಎಲ್ಲ ಮೂಡಿದ ಮರಿಗಳು. ಕೆಲವಕ್ಕೆ ಕಣ್ಣು ನೇರಳೆ ಬಣ್ಣಕ್ಕೆ ತಿರುಗಿದೆ. ರಾಶಿ ಏನೂ ಇಲ್ಲ, ಬೆರಳೆಣಿಕೆಯಷ್ಟು. ಇರುವೆ ಎಳೆದುಕೊಂಡು ಹೋಗುವ ಮೊದಲು ನೋಡಿದರೆ ಮಾತ್ರ ಸಿಗುತ್ತದೆ. ನಿನ್ನೆ ಒಂದು ನೊಣ ಮರಿಯನ್ನು ಕಚ್ಚಿ ಹಿಡಿದು ಬಾಗಿಲ ತನಕ ಹಿಂದೆ ಹಿಂದೆ ನಡೆದು ಎಳೆದು ತಂತು. ಹಾರಲು ನೋಡಿತು, ಭಾರ ತಾಳದೆ ಮರಿಯ ಜೊತೆಗೇ ಕೆಳಗೆ ಬಿತ್ತು.

ಪಕ್ಕದ ಪೆಟ್ಟಿಗೆಗಳಲ್ಲಿ ಹೀಗೆ ಇಲ್ಲ. ಇದು ರೋಗವಾ? ನುಸಿಯಾ? ತುಡುವೆಗೂ ನುಸಿ ಬರುತ್ತದಾ? ಔಷಧಿ ಏನಾದರೂ ಹಾಕಬೇಕಾ? ಇನ್ನೊಂದು ವಿಷಯ. ಪರಿಚಯದವರೊಬ್ಬರು ಮೆಲ್ಲಿಫೆರಾ (ಯುರೋಪಿನ ಸಾಕುಜೇನು) ಪೆಟ್ಟಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದಕ್ಕೆ ನುಸಿ ಕಾಟ ಜಾಸ್ತಿ ಅಂತ ಕೇಳಿದ್ದೇನೆ. ತಿಳಿದವರು ಹೇಳಿ.

---

ಪುತ್ತೂರು_ಹಳಬ

ತಮ್ಮಾ, ಮೊದಲು ಇದು ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಮರಿ ಸಾಯುವ ರೋಗ ಅಲ್ಲ ಅಂತ ಗಟ್ಟಿ ಮಾಡಿಕೊಳ್ಳಿ. 1991-92ರಲ್ಲಿ ಆ ರೋಗ ಬಂದು ನಮ್ಮ ದಕ್ಷಿಣ ಕನ್ನಡ, ಕೊಡಗು, ಕೇರಳ ಎಲ್ಲ ಕಡೆ ತುಡುವೆ ಪೆಟ್ಟಿಗೆಗಳು ಸಾಲಾಗಿ ಖಾಲಿಯಾದವು. ನಮ್ಮ ಮನೆಯಲ್ಲಿ ಒಂದೂ ಉಳಿಯಲಿಲ್ಲ. ಅಂಗಳದ ಮೂಲೆಯಲ್ಲಿ ಖಾಲಿ ಪೆಟ್ಟಿಗೆ ಒಟ್ಟಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಇದೆ. ಹಾಗಾಗಿ ಸತ್ತ ಮರಿ ಅಂದ ತಕ್ಷಣ ನನಗೆ ಅದೇ ಭಯ.

ಮೇಣದ ಕೋಶಗಳ ಎರಿ ತೆಗೆದು ನೋಡಿ. ಹುಳು ಬೆನ್ನ ಮೇಲೆ ಉದ್ದಕ್ಕೆ ಮಲಗಿ, ತಲೆ ಮೇಲಕ್ಕೆ ಎತ್ತಿಕೊಂಡು ಸತ್ತಿದ್ದರೆ, ಚಿಮುಟದಲ್ಲಿ ಎತ್ತಿದಾಗ ನೀರು ತುಂಬಿದ ಚೀಲದ ಹಾಗೆ ಜೋತು ಬಿದ್ದರೆ ಅದು ಸ್ಯಾಕ್‌ಬ್ರೂಡ್. ಹಾಗಿದ್ದರೆ ಆ ಪೆಟ್ಟಿಗೆಯ ಎರಿಯನ್ನು ಬೇರೆಯದಕ್ಕೆ ಹಾಕಲೇಬೇಡಿ. ಕೈ, ಚಾಕು ತೊಳೆಯದೆ ಪಕ್ಕದ ಪೆಟ್ಟಿಗೆ ಮುಟ್ಟಬೇಡಿ.

---

ಸಿದ್ದಾಪುರ_ತುಡುವೆ

ಹಳಬರು ಹೇಳಿದ ಪರೀಕ್ಷೆ ಮೊದಲು ಮಾಡಿ. ಆದರೆ ನೀವು ಬರೆದದ್ದನ್ನು ಓದಿದರೆ ನನಗೆ ಅದು ಸ್ಯಾಕ್‌ಬ್ರೂಡ್ ಅನಿಸುವುದಿಲ್ಲ. ಆ ರೋಗದಲ್ಲಿ ಮರಿ ಸಾಯುವುದು ಪ್ಯೂಪಾ (ಹುಳು ನೊಣವಾಗುವ ನಡುವಿನ ಹಂತ) ಆಗುವ ಮೊದಲೇ. ಕಾಲು ಮೂಡಿ ಕಣ್ಣಿಗೆ ಬಣ್ಣ ಬರುವ ತನಕ ಅದು ಬೆಳೆಯುವುದಿಲ್ಲ. ನಿಮ್ಮಲ್ಲಿ ಬಿದ್ದಿರುವುದು ಪ್ಯೂಪಾ. ಮುಚ್ಚಳ ಹಾಕಿದ ಕೋಶವನ್ನು ಆಳು ನೊಣಗಳೇ ಕೊರೆದು, ಒಳಗಿನ ಮರಿಯನ್ನು ಎಳೆದು ಹೊರಗೆ ಹಾಕಿವೆ. ಒಳಗೆ ಏನೋ ಸರಿಯಿಲ್ಲ ಅಂತ ಅವಕ್ಕೆ ವಾಸನೆಯಲ್ಲೇ ಗೊತ್ತಾಗಿದೆ.

ಇದು ಕುಟುಂಬ ಹಾಳಾಗುತ್ತಿರುವ ಗುರುತಲ್ಲ. ಹೆಚ್ಚಿನ ಸಲ ಕುಟುಂಬ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಗುರುತು. ಜೇನು ಸಾಕುವವರು ಇದನ್ನು ನೋಡಿ ಹೆದರಿ ಔಷಧಿ ಹಾಕುವುದು, ಇಲ್ಲವೇ ಆ ಕುಟುಂಬವನ್ನೇ ಬೇಡ ಅಂತ ಬಿಡುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಳಿಸಿಕೊಳ್ಳಬೇಕಾದ ಪೆಟ್ಟಿಗೆಯೇ ಅದು.

ತುಡುವೆಗೆ ನುಸಿ ಬರುತ್ತದಾ ಅಂತ ಕೇಳಿದ್ದೀರಿ. ಬರುತ್ತದೆ. ವರೋವಾ ನುಸಿ ಮೂಲದಲ್ಲಿ ತುಡುವೆಯದ್ದೇ. 1904ರಲ್ಲಿ ಅದನ್ನು ಮೊದಲು ಗುರುತಿಸಿ ಹೆಸರಿಟ್ಟದ್ದು ಜಾವಾ ದ್ವೀಪದ ತುಡುವೆ ಜಾತಿಯ ಮೇಲೆ ಸಿಕ್ಕ ನುಸಿಗೆ. ಮುಂದೆ ಮನುಷ್ಯರು ಯುರೋಪಿನ ಮೆಲ್ಲಿಫೆರಾವನ್ನು ಏಷ್ಯಾಕ್ಕೆ ತಂದು ತುಡುವೆಯ ಪಕ್ಕದಲ್ಲಿ ಇಟ್ಟರು. ನುಸಿ ಅಲ್ಲಿಗೆ ದಾಟಿತು. ಮೆಲ್ಲಿಫೆರಾವನ್ನು ಪ್ರಪಂಚದ ತುಂಬ ಹಾಳುಮಾಡಿದ ನುಸಿ ಬೇರೆಯೇ ಜಾತಿ ಅಂತ 2000ದಲ್ಲಿ ಆಂಡರ್ಸನ್ ಮತ್ತು ಟ್ರೂಮನ್ ತೋರಿಸಿ, ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಅಂತ ಹೆಸರಿಟ್ಟರು.

ತುಡುವೆ ಮತ್ತು ನುಸಿ ಎಷ್ಟೋ ಕಾಲದಿಂದ ಒಟ್ಟಿಗೆ ಬದುಕಿವೆ. ಹಾಗಾಗಿ ತುಡುವೆಗೆ ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಗೊತ್ತು. ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಾದರೆ ಪೆಟ್ಟಿಗೆ ತೆರೆದಾಗ ನೀವು ನೋಡುವ ಬಗೆಯೇ ಬದಲಾಗುತ್ತದೆ.

ನುಸಿ ಮರಿ ಹಾಕುವುದು ಮುಚ್ಚಳ ಹಾಕಿದ ಕೋಶದ ಒಳಗೆ ಮಾತ್ರ. ತಾಯಿ ನುಸಿ ಮುಚ್ಚಳ ಬೀಳುವ ಸ್ವಲ್ಪ ಮೊದಲು ಕೋಶದೊಳಗೆ ಸೇರಿಕೊಳ್ಳುತ್ತದೆ. ಮುಚ್ಚಿ ಎರಡೂವರೆ, ಮೂರು ದಿನ ಆದ ಮೇಲೆ ಮೊದಲ ಮೊಟ್ಟೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೆ ಒಂದರಂತೆ ಹೆಣ್ಣು. ಒಳಗಿನ ಮರಿ ನೊಣವಾಗಿ ಹೊರಬರುವ ಮೊದಲು ಬೆಳೆದು ಮುಗಿದ ಹೆಣ್ಣು ನುಸಿಗಳು ಮಾತ್ರ ಬದುಕುತ್ತವೆ. ಹಾಗಾಗಿ ಅವಕ್ಕೆ ದಿನಗಳ ಲೆಕ್ಕವೇ ಮುಖ್ಯ. ಮೆಲ್ಲಿಫೆರಾದಲ್ಲಿ ಆಳು ನೊಣದ ಕೋಶ ಸುಮಾರು 12 ದಿನ ಮುಚ್ಚಿರುತ್ತದೆ, ಗಂಡಿನದ್ದು 14-15 ದಿನ. ಅದಕ್ಕೇ ನುಸಿಗೆ ಗಂಡು ಮರಿ ಅಂದರೆ ಪ್ರಾಣ.

ಈಗ ನಡುವಿನಲ್ಲೇ ಆಳು ನೊಣಗಳು ಮುಚ್ಚಳ ಕೊರೆದು ಮರಿ ಎಳೆದು ಹಾಕಿದವು ಅಂತ ಇಟ್ಟುಕೊಳ್ಳಿ. ತಾಯಿ ನುಸಿ ತಪ್ಪಿಸಿಕೊಂಡು ಓಡಬಹುದು. ಆದರೆ ಅದರ ಮರಿಗಳು ಬೆಳೆದಿರುವುದಿಲ್ಲ, ಎಲ್ಲವೂ ಸಾಯುತ್ತವೆ. ಒಂದು ಮರಿ ಹೋಯಿತು, ಒಂದು ತಲೆಮಾರು ನುಸಿಯೂ ಹೋಯಿತು. ಇಂಗ್ಲಿಷಿನವರು ಇದನ್ನು ಹೈಜೀನಿಕ್ ಬಿಹೇವಿಯರ್ ಅನ್ನುತ್ತಾರೆ. ನಾವು ಶುಚಿ ಗುಣ ಅನ್ನೋಣ.

ತುಡುವೆಯಲ್ಲಿ ಈ ಗುಣ ಬಹಳ ಚುರುಕು. ಆಳು ನೊಣದ ಕೋಶದಲ್ಲಿ ನುಸಿ ಹೊಕ್ಕರೆ ಅದು ಉಳಿಯುವುದು ಕಡಿಮೆ. ಇನ್ನೂ ಒಂದು ಸಂಗತಿ ಇದೆ. ತುಡುವೆಯ ಆಳು ಮರಿ ನುಸಿ ಕಚ್ಚಿದರೆ ತಾಳಿಕೊಳ್ಳುವುದೇ ಇಲ್ಲ, ಬೇಗ ಕೆಡುತ್ತದೆ. ಬೇಗ ಕೆಟ್ಟದ್ದು ಬೇಗ ವಾಸನೆ ಕೊಡುತ್ತದೆ, ಬೇಗ ಹೊರಗೆ ಹೋಗುತ್ತದೆ. 2016ರಲ್ಲಿ ಪೇಜ್ ಮತ್ತು ಅವರ ಜೊತೆಯವರು ಇದನ್ನು ಪ್ರಯೋಗ ಮಾಡಿ ಬರೆದಿದ್ದಾರೆ. ಒಂದೊಂದು ಮರಿ ಸೂಕ್ಷ್ಮವಾಗಿರುವುದರಿಂದಲೇ ಕುಟುಂಬ ಗಟ್ಟಿಯಾಗಿ ಉಳಿಯುತ್ತದೆ ಅನ್ನುವುದು ಅವರ ಮಾತು. ಅದನ್ನು ಓದಿದ ಮೇಲೆ ಬಾಗಿಲ ಎದುರು ಬಿದ್ದ ಮರಿಯನ್ನು ನಾನು ಸುಮ್ನೆ ದಾಟಿ ಹೋಗಿಲ್ಲ. ಕೈಯಲ್ಲಿ ಎತ್ತಿ ನೋಡುತ್ತೇನೆ.

ಹಾಗಾದರೆ ತುಡುವೆಯಲ್ಲಿ ನುಸಿ ಎಲ್ಲಿ ಉಳಿಯುತ್ತದೆ? ಗಂಡು ಎರಿಯಲ್ಲಿ. ತುಡುವೆಯ ಗಂಡು ಕೋಶದ ಮುಚ್ಚಳ ನೋಡಿದ್ದೀರಲ್ವಾ? ಉಬ್ಬಿ ನಿಂತಿರುತ್ತದೆ. ಆಳು ನೊಣಗಳು ಮೇಲಿನ ಮೇಣ ಕೆರೆದು ತೆಗೆದ ಮೇಲೆ ಕೆಳಗೆ ಗಟ್ಟಿ ಟೋಪಿ, ಅದರ ನಡುವೆ ಸೂಜಿ ಚುಚ್ಚಿದಂಥ ಒಂದು ತೂತು. ಗಂಡು ನೊಣ ಹೊರಬಂದಾಗ ಆ ಟೋಪಿಗಳು ಅಡಿಹಲಗೆ ಮೇಲೆ ಉದುರಿರುತ್ತವೆ. ಒಂದೇ ಗಂಡು ಕೋಶಕ್ಕೆ ಹಲವು ನುಸಿ ಹೊಕ್ಕರೆ ಮರಿ ಸೊರಗಿ, ಆ ಗಟ್ಟಿ ಟೋಪಿಯನ್ನು ಒಳಗಿನಿಂದ ಕತ್ತರಿಸುವ ಶಕ್ತಿಯೇ ಅದಕ್ಕೆ ಇರುವುದಿಲ್ಲ. ಹೊರಗಿನಿಂದ ಆಳು ನೊಣಗಳೂ ತೆರೆಯುವುದಿಲ್ಲ. ಮರಿ ಮತ್ತು ನುಸಿ ಎರಡೂ ಒಳಗೇ ಮುಗಿಯುತ್ತವೆ.

ಅಂದರೆ ಆಳು ಮರಿಯಾದರೆ ಎಳೆದು ಹೊರಗೆ, ಗಂಡು ಮರಿಯಾದರೆ ಒಳಗೇ ಸಮಾಧಿ. ಇದರ ಜೊತೆಗೆ ನೊಣಗಳು ಒಂದರ ಮೈ ಒಂದು ಸವರಿ ನುಸಿ ಕಿತ್ತು ಹಾಕುವುದೂ ಇದೆ. 1987ರಲ್ಲಿ ಪೆಂಗ್ ಮತ್ತು ಅವರ ಜೊತೆಯವರು ಇದನ್ನು ವಿವರವಾಗಿ ಬರೆದಾಗ, ತುಡುವೆ ಮೈಮೇಲಿನ ನುಸಿಯನ್ನು ಹೆಚ್ಚುಕಡಿಮೆ ಪೂರ್ತಿ ಕಿತ್ತು ಹಾಕುತ್ತದೆ ಅಂದಿದ್ದರು. ಆಮೇಲೆ ನೋಡಿದವರಿಗೆ ಅಷ್ಟು ಕಂಡಿಲ್ಲ. ಹಾಗಾಗಿ ನಾನು ಹೆಚ್ಚು ಬೆಲೆ ಕೊಡುವುದು ಮರಿ ಎಳೆದು ಹಾಕುವ ಗುಣಕ್ಕೇ.

ಈಗ ನಿಮ್ಮ ಕೆಲಸ. ನಾಳೆ ಬೆಳಿಗ್ಗೆ ಇರುವೆಗಿಂತ ಮೊದಲು ಹೋಗಿ. ಪೆಟ್ಟಿಗೆ ಎದುರು ಒಂದು ಬಿಳಿ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಡಿ. ಬಿದ್ದ ಮರಿ ಆಳಿನದ್ದಾ ಗಂಡಿನದ್ದಾ ನೋಡಿ. ಗಂಡಾದರೆ ದಪ್ಪ ಇರುತ್ತದೆ, ಎರಡು ಕಣ್ಣೂ ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಪೆಟ್ಟಿಗೆಯಲ್ಲಿ ಆಹಾರ ಇದೆಯಾ ಅಂತಲೂ ನೋಡಿ. ಹಸಿವಾದರೆ ನೊಣಗಳು ಮೊದಲು ಗಂಡು ಮರಿಗಳನ್ನೇ ಎಳೆದು ಹಾಕುತ್ತವೆ. ಅದು ನುಸಿಯ ಲೆಕ್ಕವಲ್ಲ. ಎರಿಯಲ್ಲಿ ಮುಚ್ಚಳ ಇಲ್ಲದ ಪ್ಯೂಪಾಗಳು ಒಂದೇ ಗೆರೆಯಲ್ಲಿ ಸಾಲಾಗಿ ಕಂಡರೆ ಮೇಣದ ಪತಂಗದ ಹುಳು ಕೆಳಗೆ ಸುರಂಗ ಕೊರೆದಿದೆ ಅಂತ ಅರ್ಥ. ಆಮೇಲೆ ಕೆಲವು ಗಂಡು ಕೋಶ ತೆರೆದು ಮರಿಯನ್ನು ಚಿಮುಟದಲ್ಲಿ ಎತ್ತಿ ನೋಡಿ. ವರೋವಾ ಇದ್ದರೆ ಬರಿಗಣ್ಣಿಗೆ ಕಾಣುತ್ತದೆ. ಕೆಂಪು ಮಿಶ್ರಿತ ಕಂದು, ಚಪ್ಪಟೆ, ಉದ್ದಕ್ಕಿಂತ ಅಗಲ ಜಾಸ್ತಿ. ಅಗಲ ಒಂದೂವರೆ ಮಿಲಿಮೀಟರ್‌ಗಿಂತ ಒಂದು ಚೂರು ಹೆಚ್ಚು.

ಔಷಧಿ ಸದ್ಯಕ್ಕೆ ಏನೂ ಬೇಡ.

---

ಸುಳ್ಯ_ಅಡಿಕೆತೋಟ

ಅಕ್ಕಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ನೋಡಿದೆ. ಚೀಲದ ಹಾಗೆ ಜೋತು ಬೀಳುವ ಹುಳು ಒಂದೂ ಇಲ್ಲ, ಹಳಬರಿಗೆ ಸಮಾಧಾನ ಆಗಬಹುದು. ಆಹಾರವೂ ಬೇಕಾದಷ್ಟಿದೆ. ಹಾಳೆ ಮೇಲೆ ಬಿದ್ದದ್ದು ಎಲ್ಲವೂ ಆಳು ಮರಿಗಳು. ಗಂಡು ಕೋಶ ತೆರೆದಾಗ ಎರಡು ಮೂರರಲ್ಲಿ ನುಸಿ ಸಿಕ್ಕಿತು. ಬಿಳಿ ಮರಿಯ ಮೇಲೆ ಕೆಂಪು ಚುಕ್ಕೆ ನಡೆದಾಡಿದ ಹಾಗೆ. ಕೋಶದ ಗೋಡೆಯಲ್ಲಿ ಬಿಳಿ ಹಿಕ್ಕೆಯೂ ಇತ್ತು.

ಎರಿಯಲ್ಲಿ ಇನ್ನೊಂದು ನೋಡಿದೆ. ಮುಚ್ಚಳ ಹಾಕಿದ ಕೋಶಗಳ ನಡುವೆ ಅಲ್ಲಲ್ಲಿ ಮುಚ್ಚಳದಲ್ಲಿ ಸಣ್ಣ ತೂತು. ಒಳಗೆ ಜೀವಂತ ಮರಿ ಇದೆ. ಇದು ಏನು?

ಪಕ್ಕದ ಪೆಟ್ಟಿಗೆಗಳ ಗಂಡು ಕೋಶದಲ್ಲೂ ನುಸಿ ಇದೆ. ಆದರೆ ಅವು ಮರಿ ಹೊರಗೆ ಹಾಕುತ್ತಿಲ್ಲ. ಹಾಗಾದರೆ ಈ ಒಂದು ಪೆಟ್ಟಿಗೆಗೇ ಆ ಗುಣ ಜಾಸ್ತಿ ಇದೆಯಾ? ಅದು ರಾಣಿಯಿಂದ ಬರುವುದಾ?

---

ಸಿದ್ದಾಪುರ_ತುಡುವೆ

ತೂತು ನೋಡಿದ್ದು ಬಹಳ ಒಳ್ಳೆಯದಾಯಿತು. ನೊಣಗಳು ಅನುಮಾನ ಬಂದ ಕೋಶವನ್ನು ತೆರೆದು ನೋಡುತ್ತವೆ. ಕೆಲವನ್ನು ಎಳೆದು ಹಾಕುತ್ತವೆ, ಕೆಲವನ್ನು ಮತ್ತೆ ಮುಚ್ಚುತ್ತವೆ. ಒಲೆ ಮೇಲಿನ ಪಾತ್ರೆಯ ಮುಚ್ಚಳ ಸರಿಸಿ ನೋಡಿ ಮತ್ತೆ ಮುಚ್ಚಿದ ಹಾಗೆ. ಮೆಲ್ಲಿಫೆರಾದಲ್ಲಿ ಔಷಧಿ ಇಲ್ಲದೆ ವರ್ಷಗಟ್ಟಲೆ ಬದುಕಿರುವ ಕುಟುಂಬಗಳನ್ನು ಯುರೋಪಿನಲ್ಲಿ ಪರೀಕ್ಷಿಸಿದಾಗ, ಹೀಗೆ ತೆರೆದು ಮುಚ್ಚುವುದು ಅವುಗಳಲ್ಲಿ ಹೆಚ್ಚು ಕಂಡಿದೆ. ಗುರುತಿಸುವುದು ಸುಲಭ. ಮುಚ್ಚಳವನ್ನು ಚಿಮುಟದಲ್ಲಿ ಹುಷಾರಾಗಿ ಎತ್ತಿ ತಿರುಗಿಸಿ, ಒಳಬದಿ ಬೆಳಕಿಗೆ ಹಿಡಿಯಿರಿ. ಹುಳು ನೇಯ್ದ ರೇಷ್ಮೆ ಪೂರ್ತಿ ಇದ್ದರೆ ಮಿರಮಿರ ಹೊಳೆಯುತ್ತದೆ. ಒಮ್ಮೆ ತೆರೆದು ಮುಚ್ಚಿದ್ದಾದರೆ ನಡುವೆ ರೇಷ್ಮೆ ಹರಿದು, ಅಲ್ಲಿ ಮಂಕು ಮೇಣ ಮಾತ್ರ ಕಾಣುತ್ತದೆ.

ಈ ಗುಣ ವಂಶದಿಂದ ಬರುವುದು ನಿಜ. ಇದರ ಕತೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಅಮೆರಿಕದ ಓಹಾಯೋದಲ್ಲಿ ವಾಲ್ಟರ್ ರೋಥನ್‌ಬ್ಯೂಲರ್ ಅಂತ ವಿಜ್ಞಾನಿ ಇದ್ದರು. ಆಗ ಅಲ್ಲಿ ನುಸಿ ಬಂದಿರಲಿಲ್ಲ. ಅವರ ತಲೆನೋವು ಫೌಲ್‌ಬ್ರೂಡ್ ಅನ್ನುವ ಮರಿ ಕೊಳೆಯುವ ರೋಗ. ಒಂದು ತಳಿ ಸತ್ತ ಮರಿಯನ್ನು ತಕ್ಷಣ ಎಳೆದು ಹಾಕುತ್ತಿತ್ತು, ಇನ್ನೊಂದು ಹಾಗೇ ಬಿಡುತ್ತಿತ್ತು. ಎರಡನ್ನೂ ಕೂಡಿಸಿದರು. ಹುಟ್ಟಿದ ಕುಟುಂಬಗಳು ಯಾವುದೂ ಮರಿ ತೆಗೆಯಲಿಲ್ಲ. ಅವನ್ನು ಮತ್ತೆ ಶುಚಿ ತಳಿಯ ಜೊತೆ ಕೂಡಿಸಿದರು. ಈ ಸಲ ತರಹೇವಾರಿ ಕುಟುಂಬ ಬಂದವು. ಕೆಲವು ಮುಚ್ಚಳ ತೆರೆದು ಮರಿಯನ್ನೂ ತೆಗೆದವು. ಕೆಲವು ಮುಚ್ಚಳ ಮಾತ್ರ ತೆರೆದು ಮರಿಯನ್ನು ಅಲ್ಲೇ ಬಿಟ್ಟವು. ಉಳಿದವು ಏನೂ ಮಾಡಲಿಲ್ಲ. ಆಗ ಆತ ಉಳಿದವುಗಳ ಮುಚ್ಚಳವನ್ನು ತಾನೇ ತೆರೆದುಕೊಟ್ಟರು. ಅವುಗಳಲ್ಲಿ ಕೆಲವು ಕುಟುಂಬಗಳು ಮರಿಯನ್ನು ಎಳೆದು ಹಾಕಿದವು! ತೆರೆಯುವುದು ಬೇರೆ ಗುಣ, ಎಳೆಯುವುದು ಬೇರೆ ಗುಣ ಅಂತ ಆತ 1964ರಲ್ಲಿ ಬರೆದರು. ಆಮೇಲೆ 2002ರ ಹೊತ್ತಿಗೆ ಇದು ಎರಡೇ ವಂಶವಾಹಿಯ ಆಟವಲ್ಲ, ಹಲವು ಸೇರಿವೆ ಅಂತ ಗೊತ್ತಾಯಿತು. ಆದರೆ ಮುಚ್ಚಳ ತೆರೆದುಕೊಟ್ಟು ಕಾದು ನೋಡುವ ಆ ಯೋಚನೆ ಇದೆಯಲ್ಲ, ಅದಕ್ಕೆ ಕೈಮುಗಿಯಬೇಕು ಅನಿಸುತ್ತದೆ.

ಮಿನೆಸೋಟಾ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಇದನ್ನು ಮುಂದುವರಿಸಿ, ಶುಚಿ ಗುಣದ ಮೆಲ್ಲಿಫೆರಾ ತಳಿಯನ್ನೇ ಬೆಳೆಸಿದರು. ಅವರ ಪರೀಕ್ಷೆ ಹೀಗೆ. ಮೂರು ಇಂಚು ಅಗಲದ ಕೊಳವೆಯನ್ನು ಮುಚ್ಚಿದ ಮರಿಯ ಎರಿಗೆ ಒತ್ತಿ, ಅದರೊಳಗೆ 300 ಮಿಲಿಲೀಟರ್ ದ್ರವ ಸಾರಜನಕ ಸುರಿಯುವುದು. ಮೆಲ್ಲಿಫೆರಾದಲ್ಲಾದರೆ ಅಲ್ಲಿರುವ ಸುಮಾರು 160 ಮರಿಗಳು ಹೆಪ್ಪುಗಟ್ಟಿ ಸಾಯುತ್ತವೆ. 24 ಗಂಟೆಯಲ್ಲಿ 95 ಶೇಕಡಾಕ್ಕಿಂತ ಹೆಚ್ಚು ಮರಿಯನ್ನು ತೆಗೆದು ಸ್ವಚ್ಛ ಮಾಡಿದರೆ, ಅದೂ ಎರಡು ಸಲದ ಪರೀಕ್ಷೆಯಲ್ಲೂ, ಆ ಕುಟುಂಬ ಪಾಸು.

ನಮ್ಮ ಮನೆಯಲ್ಲಿ ಆಗುವಂಥದ್ದು ಸೂಜಿ ಪರೀಕ್ಷೆ. ಬಿಳಿ ಅಥವಾ ಗುಲಾಬಿ ಕಣ್ಣಿನ ಪ್ಯೂಪಾ ಇರುವ ಎರಿಯ ಭಾಗ ಆರಿಸಿ, 50 ಇಲ್ಲವೇ 100 ಕೋಶಗಳನ್ನು ಮುಚ್ಚಳದ ಮೇಲಿಂದಲೇ ತೆಳು ಸೂಜಿಯಲ್ಲಿ ಚುಚ್ಚಿ. ಸುತ್ತ ಗುರುತು ಮಾಡಿ, ಫೋಟೋ ತೆಗೆದು, ಚೌಕಟ್ಟು ವಾಪಸ್ ಇಡಿ. ಮರುದಿನ ಅದೇ ಹೊತ್ತಿಗೆ ತೆಗೆದು ಎಷ್ಟು ಖಾಲಿಯಾಗಿವೆ ಎಣಿಸಿ. ಎಲ್ಲ ಪೆಟ್ಟಿಗೆಗೂ ಒಂದೇ ದಿನ, ಒಂದೇ ಸೂಜಿ, ಒಂದೇ ವಯಸ್ಸಿನ ಮರಿ ಇರಲಿ. ಚುಚ್ಚಿದಾಗ ಮರಿಯ ರಸ ಸೋರುವುದರಿಂದ ನೊಣಗಳಿಗೆ ಸುಳಿವು ಬೇಗ ಸಿಗುತ್ತದೆ. ಹಾಗಾಗಿ ಅಂಕಿ ನೋಡಿ ಖುಷಿಪಡುವುದಕ್ಕಿಂತ ಯಾವ ಪೆಟ್ಟಿಗೆ ಯಾವುದಕ್ಕಿಂತ ಮುಂದೆ ಇದೆ ಅನ್ನುವುದನ್ನು ನೋಡಿ. ಒಂದೇ ಸಲ ಮಾಡಿ ತೀರ್ಮಾನಕ್ಕೆ ಬರಬೇಡಿ. ಸೊರಗಿದ ಕುಟುಂಬದಲ್ಲಿ ಈ ಪರೀಕ್ಷೆ ಮಾಡುವುದೇ ಬೇಡ. ಈ ಕೆಲಸ ಮಾಡುವುದು ಹೆಚ್ಚಾಗಿ ಎರಡು ವಾರ ದಾಟಿದ, ಇನ್ನೂ ಹೊರಗೆ ದುಡಿಯಲು ಹೊರಡದ ನೊಣಗಳು. ಆ ವಯಸ್ಸಿನವು ಕಡಿಮೆ ಇದ್ದರೆ ಒಳ್ಳೆಯ ತಳಿಯೂ ಹಿಂದೆ ಬೀಳುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ನಮ್ಮ ಕಡೆ ಪಾಲು ಮಾಡುವಾಗ ರಾಣಿ ಕೋಶ ಎಲ್ಲಿಂದ ತೆಗೆಯುತ್ತೇವೆ? ಯಾವ ಪೆಟ್ಟಿಗೆ ಮೊದಲು ರಾಣಿ ಕೋಶ ಕಟ್ಟುತ್ತದೋ ಅದರಿಂದ. ಅಂದರೆ ವರ್ಷ ವರ್ಷವೂ ಬೇಗ ಪಾಲಾಗುವ ಗುಣವನ್ನೇ ನಾವು ಬೆಳೆಸುತ್ತಿದ್ದೇವೆ. ಶುಚಿ ಗುಣ ಯಾರೂ ನೋಡುವುದಿಲ್ಲ. ಈ ಸಲ ನೀವು ಪರೀಕ್ಷೆಯಲ್ಲಿ ಮುಂದಿರುವ ಪೆಟ್ಟಿಗೆಯ ರಾಣಿ ಕೋಶವನ್ನೇ ಬಳಸಿ. ಅದರಲ್ಲಿ ಗಂಡು ಎರಿಯೂ ಧಾರಾಳ ಇರಲಿ, ಕತ್ತರಿಸಬೇಡಿ. ರಾಣಿ ಹಾರಾಟಕ್ಕೆ ಹೋದಾಗ ಹತ್ತಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡುತ್ತದೆ. ಒಳ್ಳೆಯ ರಾಣಿ ಇದ್ದೂ ಸುತ್ತಲಿನ ಗಂಡುಗಳಲ್ಲಿ ಆ ಗುಣ ಇಲ್ಲದಿದ್ದರೆ ಮುಂದಿನ ತಲೆಮಾರಿನಲ್ಲಿ ಅರ್ಧ ಕರಗಿ ಹೋಗುತ್ತದೆ. ನಿಮ್ಮ ಊರಿನಲ್ಲಿ ಪೆಟ್ಟಿಗೆ ಇಟ್ಟ ನಾಲ್ಕು ಮನೆಯವರು ಸೇರಿ ಮಾಡಿದರೆ ಮಾತ್ರ ಇದು ನಿಲ್ಲುತ್ತದೆ. ಒಬ್ಬರಿಂದ ಕಷ್ಟ.

---

ಬಯಲುಸೀಮೆ_ಮೆಲ್ಲಿಫೆರಾ

ಮೆಲ್ಲಿಫೆರಾ ಬಗ್ಗೆ ಕೇಳಿದ್ದಕ್ಕೆ ನಾನು ಹೇಳುತ್ತೇನೆ. ನಾವು ಸೂರ್ಯಕಾಂತಿ, ಹುಚ್ಚೆಳ್ಳು, ಹೊಂಗೆ ಹೂವಿನ ಹಿಂದೆ ಪೆಟ್ಟಿಗೆ ಸಾಗಿಸುವವರು. ಅಕ್ಕ ಹೇಳಿದ್ದು ತುಡುವೆಗೆ ಸರಿ. ಮೆಲ್ಲಿಫೆರಾದಲ್ಲಿ ಅದನ್ನೇ ನಂಬಿ ಸುಮ್ನೆ ಕೂತರೆ ಪೆಟ್ಟಿಗೆ ಉಳಿಯುವುದಿಲ್ಲ. ಇದರಲ್ಲಿ ನುಸಿ ಆಳು ಕೋಶದಲ್ಲೂ ಆರಾಮಾಗಿ ಮರಿ ಹಾಕುತ್ತದೆ. ಜೊತೆಗೆ ರೆಕ್ಕೆ ಮುರುಟುವ ವೈರಸ್ ಹರಡುತ್ತದೆ. ಬಾಗಿಲ ಎದುರು ರೆಕ್ಕೆ ಸುಕ್ಕಾದ ನೊಣ ತೆವಳುವುದು ಕಂಡರೆ ಆಗಲೇ ತಡವಾಗಿದೆ ಅಂತ ಅರ್ಥ.

ತಿಂಗಳಿಗೊಮ್ಮೆ ಎಣಿಸಲೇಬೇಕು. ಮರಿ ಇರುವ ಎರಿಯಿಂದ ಅರ್ಧ ಕಪ್ ನೊಣ, ಅಂದರೆ ಸುಮಾರು 300, ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ. ರಾಣಿ ಅದರಲ್ಲಿ ಇಲ್ಲ ಅಂತ ಎರಡು ಸಲ ನೋಡಿ. ಎರಡು ಚಮಚ ನುಣ್ಣನೆಯ ಸಕ್ಕರೆ ಪುಡಿ ಹಾಕಿ, ಮೆಲ್ಲಗೆ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು ಬಿಳಿ ತಟ್ಟೆಗೆ ಕೊಡವಿ. ಬಿದ್ದ ನುಸಿಯನ್ನು ಮೂರರಿಂದ ಭಾಗಿಸಿ. ನೂರು ನೊಣಕ್ಕೆ ಮೂರು ದಾಟಿದರೆ ಚಿಕಿತ್ಸೆ ಬೇಕು. ಜೇನು ಕೋಣೆ ಮೇಲಿಟ್ಟಿರುವಾಗ ಔಷಧಿ ಬೇಡವೇ ಬೇಡ.

ನಮಗೆ ಇನ್ನೊಂದು ನುಸಿಯೂ ಇದೆ, ಟ್ರೋಪಿಲೀಲ್ಯಾಪ್ಸ್. ಅದು ಹೆಜ್ಜೇನಿನಿಂದ ಬಂದದ್ದು. ವರೋವಾಕ್ಕಿಂತ ಸಣ್ಣದು, ಉದ್ದಕ್ಕೆ ಇರುತ್ತದೆ, ಎರಿಯ ಮೇಲೆ ಓಡುವ ವೇಗ ನೋಡಿದರೆ ಗೊತ್ತಾಗುತ್ತದೆ. ಸಕ್ಕರೆ ಪರೀಕ್ಷೆಯಲ್ಲಿ ಸರಿಯಾಗಿ ಸಿಗುವುದಿಲ್ಲ, ಯಾಕೆಂದರೆ ನೊಣದ ಮೈಮೇಲೆ ಹೆಚ್ಚು ಹೊತ್ತು ಇರುವುದಿಲ್ಲ. ಅದು ಬದುಕುವುದು ಮರಿಯ ಮೇಲೆ ಮಾತ್ರ. ಹೆಜ್ಜೇನು ಕಾಲಕಾಲಕ್ಕೆ ಗೂಡು ಬಿಟ್ಟು ವಲಸೆ ಹೋಗುವುದರಿಂದ ಅದಕ್ಕೆ ಈ ನುಸಿಯಿಂದ ಬಿಡುವು ಸಿಗುತ್ತದೆ. ನಾವು ರಾಣಿಯನ್ನು ಮೂರು ವಾರ ಪಂಜರದಲ್ಲಿ ಇಟ್ಟು ಮರಿ ಇಲ್ಲದ ಹಾಗೆ ಮಾಡುತ್ತೇವೆ. ಮರಿ ಇಲ್ಲದಿದ್ದರೆ ಆ ನುಸಿ ಕೆಲವೇ ದಿನಗಳಲ್ಲಿ ಸಾಯುತ್ತದೆ.

ನಿಮ್ಮ ಜಾಗಕ್ಕೆ ನನ್ನ ಸಲಹೆ, ಮೆಲ್ಲಿಫೆರಾ ಬೇಡ. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟು ಸುಸ್ತಾಗುತ್ತೀರಿ. ಹೂವಿಲ್ಲದ ಕಾಲದಲ್ಲಿ ಅವು ತುಡುವೆ ಪೆಟ್ಟಿಗೆಗೆ ನುಗ್ಗಿ ಜೇನು ದೋಚುತ್ತವೆ.

---

ಸಿದ್ದಾಪುರ_ತುಡುವೆ

ಅಣ್ಣ ಹೇಳಿದ್ದು ಅನುಭವದ ಮಾತು, ನನ್ನದೂ ಅದೇ ಅಭಿಪ್ರಾಯ. ಒಂದು ವಿಷಯ ಸೇರಿಸುತ್ತೇನೆ. ಮೆಲ್ಲಿಫೆರಾದಲ್ಲಿ ಸತ್ತ ಮರಿ ತೆಗೆಯುವ ಕುಟುಂಬವೆಲ್ಲ ನುಸಿ ಇರುವ ಜೀವಂತ ಮರಿಯನ್ನೂ ಹುಡುಕಿ ತೆಗೆಯುತ್ತದೆ ಅಂತ ಏನೂ ಇಲ್ಲ. ಅದು ಇನ್ನೂ ಸೂಕ್ಷ್ಮವಾದ ಗುಣ. ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಸರ್ಕಾರಿ ಪ್ರಯೋಗಾಲಯದ ಹಾರ್ಬೋ ಮತ್ತು ಹ್ಯಾರಿಸ್ ಅದನ್ನೇ ಗುರಿಯಾಗಿಟ್ಟು ತಳಿ ಬೆಳೆಸಿದರು. ಮೊದಲು ಅವರು ಆ ಕುಟುಂಬಗಳಲ್ಲಿ ನುಸಿಗೆ ಮರಿ ಹಾಕಲು ಆಗುತ್ತಿಲ್ಲ ಅಂದುಕೊಂಡಿದ್ದರು. ಆಮೇಲೆ ನೋಡಿದರೆ, ಮರಿ ಹಾಕಿದ ನುಸಿ ಇರುವ ಕೋಶಗಳನ್ನೇ ನೊಣಗಳು ಆರಿಸಿ ಖಾಲಿ ಮಾಡುತ್ತಿದ್ದವು. ಉಳಿದದ್ದು ಮರಿ ಹಾಕದ ನುಸಿಗಳು ಮಾತ್ರ. ಹಾಗಾಗಿ ಯಾರಾದರೂ ನುಸಿ ತಡೆಯುವ ರಾಣಿ ಅಂತ ಮಾರಲು ಬಂದರೆ, ಯಾವ ಪರೀಕ್ಷೆ ಮಾಡಿದ್ದೀರಿ, ಅದರ ಲೆಕ್ಕ ಎಲ್ಲಿ ಅಂತ ಕೇಳಿ.

---

ಸುಳ್ಯ_ಅಡಿಕೆತೋಟ

ಮೆಲ್ಲಿಫೆರಾ ಬೇಡ ಅಂತ ಅವರಿಗೆ ಹೇಳಿದೆ. ಸೂಜಿ ಪರೀಕ್ಷೆಯನ್ನು ಎಲ್ಲ ಗಟ್ಟಿ ಪೆಟ್ಟಿಗೆಗಳಲ್ಲೂ ಒಂದೇ ದಿನ ಮಾಡಿದೆ. ಮರಿ ಹೊರಗೆ ಹಾಕುತ್ತಿದ್ದ ಪೆಟ್ಟಿಗೆಯಲ್ಲಿ ಮರುದಿನ ಚುಚ್ಚಿದ ಜಾಗವೆಲ್ಲ ಖಾಲಿ. ಕೋಶದ ತಳ ಕೂಡ ನೆಕ್ಕಿ ಹೊಳೆಯುವ ಹಾಗೆ ಮಾಡಿವೆ. ಒಂದರಲ್ಲಿ ಅರ್ಧಕ್ಕೂ ಹೆಚ್ಚು ಹಾಗೇ ಇದೆ, ಮುಚ್ಚಳ ತೆರೆದು ಮರಿ ಬಿಟ್ಟಿವೆ. ರೋಥನ್‌ಬ್ಯೂಲರ್ ಕತೆ ನೆನಪಾಯಿತು ಅಕ್ಕಾ!

ಎರಡು ಪ್ರಶ್ನೆ ಉಳಿದಿವೆ. ನಮ್ಮ ಪಶು ಆಸ್ಪತ್ರೆಯಲ್ಲಿ ದನಗಳಿಗೆ ಇಂಜೆಕ್ಷನ್ ಕೊಡುವ ವೀರ್ಯದ ಕಡ್ಡಿ ಇಡಲು ದ್ರವ ಸಾರಜನಕದ ಕ್ಯಾನ್ ಇದೆ. ಅದನ್ನು ಕೇಳಿ ಪರೀಕ್ಷೆ ಮಾಡಬಹುದಾ? ಇನ್ನೊಂದು, ಗಂಡು ಎರಿ ಕತ್ತರಿಸಬೇಡಿ ಅಂದಿರಿ. ಆದರೆ ಒಂದು ವಿಡಿಯೋದಲ್ಲಿ ನುಸಿ ಕಡಿಮೆ ಮಾಡಲು ಗಂಡು ಎರಿ ಕತ್ತರಿಸಿ ಅಂತ ತೋರಿಸಿದ್ದರು.

---

ಸಿದ್ದಾಪುರ_ತುಡುವೆ

ಓದಿ ಬಹಳ ಸಂತೋಷವಾಯಿತು. ಆ ಪೆಟ್ಟಿಗೆಗೆ ಬಣ್ಣದಲ್ಲಿ ಒಂದು ಗುರುತು ಹಾಕಿಡಿ. ರಾಣಿ ಬದಲಾದರೆ ದಿನಾಂಕ ಬರೆದಿಡಿ.

ಸಾರಜನಕ ಆಗಬಹುದು, ಆದರೆ ಡಾಕ್ಟರು ಒಪ್ಪಿ, ಅವರ ಎದುರೇ ಮಾಡಿದರೆ ಮಾತ್ರ. ಅದು ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇರುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟ ಗಾಯದ ಹಾಗೆಯೇ. ಕನ್ನಡಕ, ದಪ್ಪ ಗ್ಲೌಸ್ ಬೇಕು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ, ಬಿಗಿ ಮುಚ್ಚಳದ ಫ್ಲಾಸ್ಕಿನಲ್ಲಿ ತುಂಬಿ ತರುವುದಂತೂ ಬೇಡವೇ ಬೇಡ. ಅಷ್ಟು ಕಷ್ಟ ಯಾಕೆ? ಮುಚ್ಚಿದ ಮರಿ ಇರುವ ಎರಿಯ ಒಂದು ತುಂಡು, ಎರಡು ಇಂಚು ಉದ್ದಗಲ ಇದ್ದರೆ ಸಾಕು, ಕತ್ತರಿಸಿ ಮನೆಯ ಫ್ರಿಜ್ಜಿನ ಐಸ್ ಕೋಣೆಯಲ್ಲಿ ಒಂದು ಇಡೀ ದಿನ ಇಡಿ. ಹೊರಗೆ ತೆಗೆದು, ತಣ್ಣಗಿನದು ಹೋದ ಮೇಲೆ ಅದೇ ಜಾಗಕ್ಕೆ ಕೂರಿಸಿ 24 ಗಂಟೆ ಬಿಟ್ಟು ಎಣಿಸಿ. ಸೂಜಿ ಪರೀಕ್ಷೆಯಲ್ಲಿ ಮುಂದಿದ್ದ ಪೆಟ್ಟಿಗೆಗಳಿಗೆ ಮಾತ್ರ ಮಾಡಿದರೆ ಸಾಕು.

ವಿಡಿಯೋದಲ್ಲಿ ತೋರಿಸಿದ್ದು ಮೆಲ್ಲಿಫೆರಾಕ್ಕೆ. ಅಲ್ಲಿ ಗಂಡು ಮರಿಯಿಂದ ನುಸಿ ಬೆಳೆದು ಹೊರಗೆ ಬಂದು ಆಳು ಕೋಶಕ್ಕೂ ಹರಡುತ್ತದೆ. ಮುಚ್ಚಿದ ಗಂಡು ಎರಿ ಕತ್ತರಿಸಿದರೆ ಅದರ ಜೊತೆ ನುಸಿಯೂ ಹೋಗುತ್ತದೆ. ತುಡುವೆಯಲ್ಲಿ ಆ ಲೆಕ್ಕವನ್ನು ನೊಣಗಳೇ ನೋಡಿಕೊಳ್ಳುತ್ತವೆ. ನಿಮ್ಮ ಗುರುತು ಹಾಕಿದ ಪೆಟ್ಟಿಗೆಯ ಗಂಡುಗಳು ಈ ಪಾಲಿನ ಕಾಲದಲ್ಲಿ ಊರೆಲ್ಲ ಹಾರಬೇಕು. ಮರಿ ತೆಗೆಯದೆ ಬಿಟ್ಟ ಪೆಟ್ಟಿಗೆ ಇದೆಯಲ್ಲ, ಅದರ ಗಂಡು ಎರಿ ಬೇಕಾದರೆ ಕತ್ತರಿಸಿ. ರಾಣಿ ಕೋಶ ಕಟ್ಟಿದರೆ ಅದನ್ನೂ ತೆಗೆದು, ಮುಂದಿನ ಪೆಟ್ಟಿಗೆಯ ರಾಣಿ ಕೋಶ ಕೊಡಿ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ಸೂಜಿ ಪರೀಕ್ಷೆ ಮಾಡಿ ಇಲ್ಲೇ ಬರೆಯಿರಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ.